ಅಳಿಸಿ ಬರೆಯುವ ಹಲಗೆ: ಕನ್ನಡ ತರಗತಿಯ ಉಪಕರಣಗಳ ಚರಿತ್ರೆ

ಹಿಂದಿನ ಕಾಲದಲ್ಲಿ ಕನ್ನಡ ನಾಡಿನ ಮಗು ಮೊದಲ ಅಕ್ಷರ ತಿದ್ದುತ್ತಿದ್ದದ್ದು ಮರಳಿನ ಮೇಲೆ. ಕೂಲಿಮಠವೆಂಬ ಊರಶಾಲೆಯ ಮೇಷ್ಟರಾದ ಐಗಳು ನೆಲದಲ್ಲಿ ಮರಳು ಹರಡಿ, ಮಗುವಿನ ಬೆರಳು ಹಿಡಿದು ಬರೆಸುತ್ತಿದ್ದರು. ಅಂಗೈಯಿಂದ ಸವರಿದರೆ ಹಳೆಯ ಅಕ್ಷರ ಹೋಗಿ ಹೊಸದಕ್ಕೆ ಜಾಗವಾಗುತ್ತಿತ್ತು. ಇದಕ್ಕೆ ಖರ್ಚಿಲ್ಲ, ಒಡೆದೀತೆಂಬ ಭಯವಿಲ್ಲ, ತಪ್ಪಿನ ಗುರುತೂ ಉಳಿಯುವುದಿಲ್ಲ. ಮುಂದಿನ 200 ವರ್ಷಗಳಲ್ಲಿ ತರಗತಿಗೆ ಬಂದ ರೇಡಿಯೋ, ಟಿವಿ, ಕಂಪ್ಯೂಟರ್, ಜಾಲತಾಣಗಳೆಲ್ಲ ಈ ಗುಣಗಳಲ್ಲಿ ಒಂದನ್ನೋ ಎರಡನ್ನೋ ಕಳೆದುಕೊಂಡೇ ಬಂದವು. ಅವುಗಳಲ್ಲಿ ಯಾವುದು ಶಾಲೆಯಲ್ಲಿ ಬೇರೂರಿತು, ಯಾವುದು ಬೀರುವಿನೊಳಗೆ ಸೇರಿತು ಎಂಬುದು ಬಹುಮಟ್ಟಿಗೆ ಒಂದೇ ಸಂಗತಿಯನ್ನು ಅವಲಂಬಿಸಿತ್ತು: ಅದರ ಮೇಲೆ ಮೇಷ್ಟರು ತಾವೇ ಬರೆದು, ಅಳಿಸಿ, ಮತ್ತೆ ಬರೆಯಬಹುದಿತ್ತೇ?

ಹಳೆಯ ತರಗತಿಯ ಸಾಮಗ್ರಿಯನ್ನು ಅತ್ಯಂತ ವಿವರವಾಗಿ ದಾಖಲಿಸಿದವನು ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತ್ಯದ ದೇಶೀ ಶಾಲೆಗಳ ಲೆಕ್ಕ ಕೇಳಿದಾಗ ಹೆಚ್ಚಿನ ಕಲೆಕ್ಟರುಗಳು ಅಂಕಿಸಂಖ್ಯೆ ಕಳಿಸಿ ಕೈತೊಳೆದುಕೊಂಡರು. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ದೀರ್ಘ ಪತ್ರವನ್ನೇ ಬರೆದ. ಜಿಲ್ಲೆಯಲ್ಲಿ 533 ಶಾಲೆಗಳು, ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು; ಓದುತ್ತಿದ್ದವರು ಒಟ್ಟು 6,641 ಮಂದಿ. ಒಂಬತ್ತು ಲಕ್ಷ ಮೀರಿದ ಜನಸಂಖ್ಯೆಗೆ ಇದು ತೀರ ಕಡಿಮೆ ಎಂಬ ಕೊರಗು ಆ ಪತ್ರದಲ್ಲಿದೆ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರೆಂಬಂಥ ಸಣ್ಣ ವಿವರವನ್ನೂ ಆತ ಬಿಟ್ಟಿಲ್ಲ. ಮರಳಿನಲ್ಲಿ ಕೈ ಪಳಗಿದ ಮೇಲೆ ಮಕ್ಕಳು ಓಲೆಗರಿಯ ಮೇಲೆ ಕಂಟದಿಂದ ಬರೆಯುತ್ತಿದ್ದರು, ಕಾಗದವಿದ್ದರೆ ಲಾಳದ ಕಡ್ಡಿಯಿಂದ. ಆದರೆ ಆ ಸೀಮೆಯಲ್ಲಿ ಹೆಚ್ಚು ರೂಢಿಯಲ್ಲಿದ್ದವು ಎರಡೇ ಸಾಧನಗಳು: ಹಲಗೆ ಮತ್ತು ಕಡತ.

ಹಲಗೆ ಸುಮಾರು ಒಂದು ಅಡಿ ಅಗಲ, ಮೂರು ಅಡಿ ಉದ್ದದ ಮರದ ತುಂಡು. ಅದನ್ನು ನುಣುಪಾಗಿ ಹೆರೆದು, ಅನ್ನದ ಗಂಜಿಗೆ ಇದ್ದಿಲ ಪುಡಿ ಕಲಸಿ ಬಳಿದರೆ ಸಾಕು. ಕಡತದ ಕೆಲಸ ಇನ್ನೂ ನಾಜೂಕಿನದು. ಹತ್ತಿಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯ ಲೇಪ ಕೊಟ್ಟು, ಒಣಗಿಸಿ, ಉಜ್ಜಿ, ಹಿಂದೆ ಮುಂದೆ ಮಡಚಿ ಪುಸ್ತಕದಂತೆ ಮಾಡುತ್ತಿದ್ದರು. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಇದನ್ನು ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ್ದೆಂದು ವರ್ಣಿಸಿದ್ದಾನೆ. ವ್ಯಾಪಾರಿಗಳ ಲೆಕ್ಕ, ಮಠಗಳ ಪತ್ರವ್ಯವಹಾರ, ಶಾನುಭೋಗರ ದಾಖಲೆ ಎಲ್ಲವೂ ಇದರ ಮೇಲೆಯೇ; ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಉಳಿದುಕೊಂಡಿವೆ. ಬರೆಯಲು ಬೇಕಾದದ್ದು ಬಳಪ. ಹೊಯ್ಸಳರ ಶಿಲ್ಪಿಗಳು ಬೇಲೂರು, ಹಳೇಬೀಡುಗಳಲ್ಲಿ ಕೆತ್ತಿದ ಮೆದು ಕಲ್ಲಿಗೂ ಬಳಪದ ಕಲ್ಲೆಂದೇ ಹೆಸರು. ಕಡತದ ಮೇಲಿನ ಬರಹ ವರ್ಷಗಟ್ಟಲೆ ನಿಲ್ಲುತ್ತಿತ್ತು, ಬೇಡವೆಂದರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತಿತ್ತು. ಲೇಪ ಸವೆದರೆ ಮತ್ತೆ ಬಳಿಯುವುದು ಮನೆಯಲ್ಲೇ ಆಗುವ ಕೆಲಸ. ವಸ್ತು ಮರೆಯಾದರೂ ಅದರ ಹೆಸರು ಗಟ್ಟಿಯಾಗಿ ಉಳಿಯಿತು. ಸರ್ಕಾರಿ ಕಚೇರಿಯ ಫೈಲು ಕನ್ನಡದಲ್ಲಿ ಕಡತವಾಯಿತು, ಮುಂದೆ ಕಂಪ್ಯೂಟರಿನ ಫೈಲಿಗೂ ಅದೇ ಮಾತು ಸಂದಿತು.

ಈ ತರಗತಿಯ ಮತ್ತೊಂದು ಸಾಧನ ಕಣ್ಣಿಗೆ ಕಾಣುವಂಥದ್ದಲ್ಲ: ಮುಂದಿರುವ ಹುಡುಗ ಹಿಂದಿನವನಿಗೆ ಕಲಿಸುವ ಪದ್ಧತಿ. ಮದ್ರಾಸಿನ ಎಗ್ಮೋರಿನಲ್ಲಿ ಅನಾಥ ಹುಡುಗರ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ದೇಶೀ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಅದನ್ನು ತಂದ, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿ ಅಚ್ಚಾಯಿತು. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಅದು ‘ಮದ್ರಾಸ್ ಪದ್ಧತಿ’ ಎಂದು ಹರಡಿತು. ಮಕ್ಕಳಿಗೆ ಇಷ್ಟು ಮಿತವ್ಯಯದಲ್ಲಿ ಬರೆಯಲು ಕಲಿಸುವ ಈ ಕ್ರಮ ಇಂಗ್ಲೆಂಡಿನಲ್ಲಿ ಅನುಕರಣೆಗೆ ಒಳಗಾದದ್ದು ನ್ಯಾಯವೇ ಎಂದು ಕ್ಯಾಂಬೆಲ್ ಕೂಡ ಬರೆದ. ಶಿಕ್ಷಣದ ತಂತ್ರ ಹೊರಗಿನಿಂದಲೇ ಬರಬೇಕೆಂಬ ನಂಬಿಕೆ ಬಲಿಯುವ ಮೊದಲು ಇಲ್ಲಿಂದ ಒಂದು ತಂತ್ರ ಹೊರಗೆ ಹೋಗಿತ್ತೆಂಬುದು ನೆನಪಿಡಬೇಕಾದ ಸಂಗತಿ.

ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಚಿತ್ರ ಬದಲಾಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. ಸರ್ಕಾರಿ ಶಾಲೆ, ಅಚ್ಚಾದ ಪಠ್ಯಪುಸ್ತಕ, ಕಲ್ಲಿನ ಸ್ಲೇಟು, ಗೋಡೆಗೆ ಕರಿಹಲಗೆ ಒಂದರ ಹಿಂದೊಂದು ಬಂದವು. ಉತ್ತರ ಕರ್ನಾಟಕದಲ್ಲಿ ಪಾಟಿ, ದಕ್ಷಿಣದಲ್ಲಿ ಸ್ಲೇಟು ಎನಿಸಿಕೊಂಡ ಚೌಕಟ್ಟಿನ ಕಲ್ಲು ಕಡತವನ್ನು ಪೂರ್ತಿ ಹೊರಹಾಕಿತು. ಕರಿಹಲಗೆಯಂತೂ ಒಗ್ಗಿಹೋಯಿತು. ಇದ್ದಿಲ ಪುಡಿಯನ್ನೋ ಹಳೆಯ ಬ್ಯಾಟರಿಯ ಕಪ್ಪನ್ನೋ ಹಸಿ ಸೊಪ್ಪಿನ ರಸದಲ್ಲಿ ಕಲಸಿ ಮಕ್ಕಳು ಶನಿವಾರ ಹಲಗೆಗೆ ಬಳಿಯುತ್ತಿದ್ದದ್ದನ್ನು ಹಳ್ಳಿಶಾಲೆಯಲ್ಲಿ ಓದಿದವರು ಮರೆತಿಲ್ಲ. ಅದು ಐಗಳ ಮಠದ ಹಲಗೆಗೆ ಕೊಡುತ್ತಿದ್ದ ಲೇಪದ ಮುಂದುವರಿಕೆ.

ಕರ್ನಾಟಕದಲ್ಲಿ ರೇಡಿಯೋ ಹುಟ್ಟಿದ್ದೇ ಒಬ್ಬ ಅಧ್ಯಾಪಕರ ಮನೆಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು; ‘ಆಕಾಶವಾಣಿ’ ಎಂಬ ಹೆಸರಿನ ನಂಟು ಇರುವುದೂ ಆ ನಿಲಯಕ್ಕೇ. 1955ರಲ್ಲಿ ಅದು ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಮುಂದೆ ಶಾಲಾ ಪಾಠಗಳ ಪ್ರಸಾರ ಬಂತು. ರೇಡಿಯೋ ಪಾಠಕ್ಕೆ ದೂರದ ಹಳ್ಳಿಯನ್ನು ಮುಟ್ಟುವ ಶಕ್ತಿ ಇತ್ತು, ಮಗುವಿನ ಪ್ರಶ್ನೆ ಕೇಳುವ ಕಿವಿ ಇರಲಿಲ್ಲ.

ಈ ಕೊರತೆ ಅತಿ ದೊಡ್ಡ ಪ್ರಮಾಣದಲ್ಲಿ ಕಾಣಿಸಿದ್ದು ‘ಸೈಟ್’ ಎಂದು ಹೆಸರಾದ ಉಪಗ್ರಹ ಟಿವಿ ಪ್ರಯೋಗದಲ್ಲಿ. ಅದಕ್ಕಾಗಿ 1969ರಲ್ಲಿ ನಾಸಾ ಜೊತೆ ಒಪ್ಪಂದವಾಗಿತ್ತು. ಅದರ ಕನಸು ಕಂಡ ವಿಜ್ಞಾನಿ ವಿಕ್ರಮ್ ಸಾರಾಭಾಯಿ 1971ರಲ್ಲೇ ತೀರಿಕೊಂಡರು. ನಡೆಸಿಕೊಟ್ಟವರಲ್ಲಿ ಪ್ರಮುಖರು ವಿಜ್ಞಾನಿ ಯಶ್ ಪಾಲ್. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಆಯ್ಕೆಯಾದವು ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳು. ತಂತಿಬಲೆಯಿಂದ ಮಾಡಿದ ಸುಮಾರು ಮೂರು ಮೀಟರ್ ಅಗಲದ ಕೊಡೆಯಂಥ ಆಂಟೆನಾಗಳು ಹಳ್ಳಿಯಲ್ಲಿ ಎದ್ದವು. ಹಗಲು ಶಾಲಾ ಮಕ್ಕಳಿಗೆ ಪ್ರತಿ ಭಾಷೆಯಲ್ಲಿ ಇಪ್ಪತ್ತೆರಡೂವರೆ ನಿಮಿಷದ ಪಾಠ, ಸಂಜೆ ಊರಿನವರಿಗೆ ಕೃಷಿ, ಆರೋಗ್ಯ, ಮನರಂಜನೆ. ರಾಜಧಾನಿ ಬೆಂಗಳೂರು ಟಿವಿಯನ್ನೇ ಕಾಣದಿದ್ದ ಕಾಲವದು. 1977ರಲ್ಲಿ ರಾಜ್ಯದ ಮೊದಲ ದೂರದರ್ಶನ ಕೇಂದ್ರ ಕಲಬುರಗಿಯಲ್ಲಿ ತೆರೆದದ್ದು ಈ ಪ್ರಯೋಗದ ಫಲ. ಬೆಂಗಳೂರಿನ ಸರದಿ ಬಂದದ್ದು 1981ರಲ್ಲಿ.

ಸೈಟ್‌ನ ಕಥೆಯಲ್ಲಿ ಹಳ್ಳಿಯ ಜನ ಟಿವಿಯ ಮುಂದೆ ಬೆರಗಾಗಿ ಕುಳಿತ ಚಿತ್ರವನ್ನೇ ಮತ್ತೆ ಮತ್ತೆ ತೋರಿಸುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಶಿಕ್ಷಕರ ತರಬೇತಿ. 1975ರ ಅಕ್ಟೋಬರಿನಲ್ಲೂ 1976ರ ಬೇಸಿಗೆಯಲ್ಲೂ ಹನ್ನೆರಡು ಹನ್ನೆರಡು ದಿನ ಆರೂ ರಾಜ್ಯಗಳ ಹತ್ತಿರ ಹತ್ತಿರ 50,000 ಪ್ರಾಥಮಿಕ ಶಾಲಾ ಶಿಕ್ಷಕರು ವಿಜ್ಞಾನ ಬೋಧನೆಯ ಶಿಬಿರಗಳಲ್ಲಿ ಕೂತರು. ಅಲ್ಲಿ ಟಿವಿ ಒಂದೇ ಇರಲಿಲ್ಲ. ರೇಡಿಯೋ ಪಾಠ, ಅಚ್ಚಾದ ಕೈಪಿಡಿ, ಅಗ್ಗದ ಸಾಮಾನಿನಿಂದ ತಾವೇ ಮಾಡುವ ಪ್ರಯೋಗ, ಪ್ರಶ್ನೆಗೆ ಉತ್ತರಿಸಲು ಎದುರಿಗೊಬ್ಬ ಮಾರ್ಗದರ್ಶಕ, ಇವೆಲ್ಲ ಜೊತೆಗಿದ್ದವು. ಉಪಗ್ರಹ ಬೇರೆಡೆಗೆ ಸರಿದ ಮೇಲೂ ಮೇಷ್ಟರ ಕೈಯಲ್ಲಿ ಉಳಿಯಬಲ್ಲದ್ದು ಆ ಪ್ರಯೋಗಗಳೇ. ಮಕ್ಕಳ ಪಾಠದಲ್ಲಿ ಇಂಥ ಏರ್ಪಾಡಿರಲಿಲ್ಲ: ಪಾಠ ಬರುವ ಹೊತ್ತು, ಅದರ ವಿಷಯ, ಅದರ ವೇಗ ಎಲ್ಲವೂ ಬೇರೆ ಕಡೆ ನಿಗದಿಯಾಗುತ್ತಿದ್ದವು.

ಮುಂದಿನ ಎರಡು ದಶಕಗಳ ಯೋಜನೆಗಳು ಹೆಚ್ಚಾಗಿ ಪೆಟ್ಟಿಗೆಗಳ ರೂಪದಲ್ಲಿ ಶಾಲೆಗೆ ಬಂದವು. 1984ರಲ್ಲಿ ಕೇಂದ್ರ ಸರ್ಕಾರ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಡುವ ಯೋಜನೆ ಹೂಡಿತು. 1986ರ ಶಿಕ್ಷಣ ನೀತಿಯ ಬೆನ್ನಿಗೇ ‘ಕರಿಹಲಗೆ ಕಾರ್ಯಾಚರಣೆ’ ಎಂಬ ಶಾಲಾ ಸಾಮಗ್ರಿ ಯೋಜನೆ, ಟೇಪ್‌ರೆಕಾರ್ಡರ್, ಬಣ್ಣದ ಟಿವಿ ಬಂದವು. ಆ ಕಾಲಘಟ್ಟದಲ್ಲಿ ಕರ್ನಾಟಕದ ತರಗತಿಯನ್ನು ನಿಜವಾಗಿ ಬದಲಿಸಿದ ಸಾಧನಕ್ಕೆ ವಿದ್ಯುತ್ತೇ ಬೇಕಿರಲಿಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಕಲಿಕಾ ಕಾರ್ಡುಗಳನ್ನು ನೋಡಿಬಂದು, ತಮ್ಮ ಮಕ್ಕಳಿಗೆ ಒಪ್ಪುವ ಕಾರ್ಡುಗಳನ್ನು ಕನ್ನಡದಲ್ಲಿ ತಾವೇ ರಚಿಸಿದರು. 1995ರಲ್ಲಿ ಹೀಗೆ ಆರಂಭವಾದ ‘ನಲಿಕಲಿ’ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ವ್ಯಾಪಿಸಿತು.

ಹೊಸ ಶತಮಾನದ ಆರಂಭದಲ್ಲಿ ‘ಮಾಹಿತಿ ಸಿಂಧು’ ಯೋಜನೆ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಠಡಿ ತಂದಿತು. ಯಂತ್ರಗಳ ಪೂರೈಕೆ, ನಿರ್ವಹಣೆ, ಬೋಧನೆ ಮೂರೂ ಹೊರಗಿನ ಗುತ್ತಿಗೆದಾರರ ಪಾಲಾದವು. ಕಂಪ್ಯೂಟರ್ ಒಂದು ಪ್ರತ್ಯೇಕ ವಿಷಯವಾಯಿತು, ಅದಕ್ಕೊಬ್ಬ ಪ್ರತ್ಯೇಕ ಬೋಧಕ ಬಂದ. ಗಣಿತ, ವಿಜ್ಞಾನ, ಸಮಾಜದ ಮೇಷ್ಟರು ಆ ಕೊಠಡಿಯ ಬಾಗಿಲಾಚೆಯೇ ಉಳಿದರು. ಗುತ್ತಿಗೆಯ ಅವಧಿ ಮುಗಿದಲ್ಲಿ ಬೋಧಕನೂ ಹೋದ. ಯಂತ್ರಗಳಿಗೆ ಹೊದಿಸಿದ ಧೂಳು ಹಿಡಿದ ಬಟ್ಟೆಯಷ್ಟೇ ಉಳಿಯಿತು. ನೆರೆಯ ಕೇರಳ ಅದೇ ವರ್ಷಗಳಲ್ಲಿ ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟು ಮುಕ್ತ ತಂತ್ರಾಂಶದ ದಾರಿ ಹಿಡಿದಿತ್ತು.

ಭಾಷೆಯದು ಇನ್ನೊಂದು ತೊಡಕು. ಬರಹ, ನುಡಿ ತಂತ್ರಾಂಶಗಳು ಕನ್ನಡ ಬೆರಳಚ್ಚನ್ನು ಮನೆಮನೆಗೆ ತಂದವು ನಿಜ. ಆದರೆ ಆ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಪಾಠ ಅದೇ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಾಗದ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತಿತ್ತು, ಅಂತರ್ಜಾಲದ ಹುಡುಕಾಟಕ್ಕೂ ಸಿಗುತ್ತಿರಲಿಲ್ಲ. ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತ ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದ್ದರೂ ಸಾಮಾನ್ಯ ಬಳಕೆದಾರರ ಕಂಪ್ಯೂಟರಿಗೆ ಇಳಿದದ್ದು 2001ರ ನಂತರ. 2003ರಲ್ಲಿ ಕನ್ನಡ ವಿಕಿಪೀಡಿಯ ಹುಟ್ಟಿತು. ಕನ್ನಡದ ಮಗು ತನ್ನ ನುಡಿಯಲ್ಲಿ ಹುಡುಕಿ ಓದಬಹುದಾದ ಜಾಲ ರೂಪುಗೊಂಡದ್ದು ಆಗಲೇ.

ಉಪಗ್ರಹ ಮತ್ತೊಮ್ಮೆ ಬಂತು. 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್‌ನ ಆರಂಭಿಕ ಪ್ರಯೋಗಗಳಲ್ಲಿ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಸೇರಿದ್ದವು. 2010ರಲ್ಲಿ ಆ ಉಪಗ್ರಹದ ಸೇವೆ ಕೊನೆಗೊಂಡಿತು. ಎಜುಸ್ಯಾಟ್ ಹಾರಿದ ದಶಕದಲ್ಲೇ ಆಕಾಶವಾಣಿಯ ‘ಕೇಳಿ ಕಲಿ’, ‘ಚುಕ್ಕಿ ಚಿನ್ನ’ ಪಾಠಗಳು ಹಾಡು, ಆಟ, ಪ್ರಶ್ನೆಗಳ ನಡುವೆ ಮೌನ ಬಿಟ್ಟು ಮಕ್ಕಳು ಉತ್ತರಿಸಲು ಅವಕಾಶ ಕೊಟ್ಟವು. ಹಳೆಯ ರೇಡಿಯೋ ಪಾಠಕ್ಕಿರದಿದ್ದ ಕಿವಿಯನ್ನು ಕೂಡಿಸುವ ಒಳ್ಳೆಯ ಯತ್ನವದು.

ತಿರುವು ಬಂದದ್ದು 2011ರ ಸುಮಾರಿಗೆ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆಗೂಡಿ ವಿಷಯ ಶಿಕ್ಷಕರ ವೇದಿಕೆಗಳನ್ನು ಕಟ್ಟಿತು. ಪ್ರೌಢಶಾಲೆಯ ಗಣಿತ, ವಿಜ್ಞಾನ ಶಿಕ್ಷಕರು ಮುಕ್ತ ತಂತ್ರಾಂಶವನ್ನು ತಾವೇ ಬಳಸಲು ಕಲಿತರು. ಒಬ್ಬರ ಪ್ರಶ್ನೆಗೆ ಇನ್ನೊಂದು ಜಿಲ್ಲೆಯವರು ಉತ್ತರಿಸುವ ರೂಢಿ ಬೆಳೆಯಿತು. 2013ರ ಹೊತ್ತಿಗೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಬಂತು. ಅದು ವಿಕಿಪೀಡಿಯದ ತಂತ್ರಾಂಶದ ಮೇಲೆಯೇ ನಿಂತದ್ದರಿಂದ ಶಿಕ್ಷಕರು ಪಾಠ ಓದಿ ಸುಮ್ಮನಾಗಬೇಕಿರಲಿಲ್ಲ, ಸೇರಿಸಬಹುದಿತ್ತು, ತಿದ್ದಬಹುದಿತ್ತು.

ತರಗತಿಯಲ್ಲಿ ಇಂಥ ತಂತ್ರಾಂಶದ ಉಪಯೋಗ ಎಂಥದ್ದೆಂಬುದಕ್ಕೆ ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶ ಉತ್ತಮ ಉದಾಹರಣೆ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬುದನ್ನು ಕರಿಹಲಗೆಯಲ್ಲಿ ಒಂದೆರಡು ಚಿತ್ರದಿಂದ ತೋರಿಸಬಹುದು. ಪರದೆಯ ಮೇಲೆ ಶೃಂಗವೊಂದನ್ನು ಹಿಡಿದೆಳೆದರೆ ತ್ರಿಭುಜ ನೂರು ಆಕಾರ ತಾಳುತ್ತದೆ. ಕೋನಗಳು ಬದಲಾಗುತ್ತಲೇ ಇರುತ್ತವೆ, ಮೊತ್ತ ಮಾತ್ರ ಕದಲುವುದಿಲ್ಲ. ಏಕೆ ಕದಲುವುದಿಲ್ಲ ಎಂದು ಮಗು ಕೇಳಿದ ಗಳಿಗೆಯಲ್ಲಿ ಮೇಷ್ಟರು ಮತ್ತೆ ಸೀಮೆಸುಣ್ಣ ಹಿಡಿದು ಸಾಧನೆ ಬರೆಯುತ್ತಾರೆ. ಯಂತ್ರ ಪ್ರಶ್ನೆ ಹುಟ್ಟಿಸುತ್ತದೆ, ಹಲಗೆ ಉತ್ತರ ಕಟ್ಟುತ್ತದೆ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ತಾಣದ ಪ್ರಯೋಗಗಳನ್ನೂ ಹೀಗೆಯೇ ಬಳಸಬಹುದು. ವಿದ್ಯುತ್ ಮಂಡಲವನ್ನು ಮೊದಲು ಪರದೆಯಲ್ಲಿ ಜೋಡಿಸಿ, ದೀಪ ಏಕೆ ಮಂಕಾಯಿತೆಂದು ಊಹಿಸಿ, ಆಮೇಲೆ ನಿಜವಾದ ತಂತಿ, ಸೆಲ್ಲು, ಬಲ್ಬು ಹಿಡಿದು ಪರೀಕ್ಷಿಸುವುದು.

2016ರ ನಂತರದ ತರಬೇತಿ ಕಾರ್ಯಕ್ರಮಗಳು ಈ ಕಲಿಕೆಯನ್ನು ಎಲ್ಲ ಪ್ರೌಢಶಾಲೆಗಳಿಗೆ ಹಬ್ಬಿಸಲು ಹೊರಟವು. 2017ರ ಸೆಪ್ಟೆಂಬರ್ 5ರಂದು ಡಿಜಿಟಲ್ ಪಾಠಗಳ ‘ದೀಕ್ಷಾ’ ವೇದಿಕೆ ಆರಂಭವಾಗಿ, ಪಠ್ಯಪುಸ್ತಕದ ಪುಟಗಳಲ್ಲಿ ಕ್ಯುಆರ್ ಕೋಡುಗಳು ಕಾಣಿಸಿಕೊಂಡವು. 2020ರ ಮಾರ್ಚಿನಲ್ಲಿ ಕೋವಿಡ್ ಶಾಲೆಗಳನ್ನು ಮುಚ್ಚಿಸಿದಾಗ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಫೋನು, ನೆಟ್‌ವರ್ಕು ಇಲ್ಲದ ಮನೆಗಳ ಮಕ್ಕಳಿಗಾಗಿ ಆ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಶುರುವಾಯಿತು. ಸರ್ಕಾರಿ ಶಾಲೆಯ ಶಿಕ್ಷಕರು ಗುಡಿಯ ಜಗಲಿ, ಅರಳಿಕಟ್ಟೆ, ಮರದ ನೆರಳಿನಲ್ಲಿ ಮಕ್ಕಳ ಸಣ್ಣ ಗುಂಪುಗಳನ್ನು ಕೂರಿಸಿಕೊಂಡರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದು ನಿಂತಿತು. 2022-23ರಲ್ಲಿ ಕಲಿಕೆಯ ನಷ್ಟ ತುಂಬಲು ‘ಕಲಿಕಾ ಚೇತರಿಕೆ’ ಹಮ್ಮಿಕೊಂಡಾಗ ಸರ್ಕಾರಿ ಶಾಲೆಯ ಮಕ್ಕಳ ಕೈಗೆ ತಲುಪಿದ್ದು ಅಚ್ಚಾದ ಕಲಿಕಾ ಹಾಳೆಗಳು.