ಸಾಂಕ್ರಾಮಿಕ ರೋಗದ ಸಂದರ್ಭದಲ್ಲಿ ಮಕ್ಕಳ ಹಾಗೂ ಕುಟುಂಬದವರ ಆತಂಕ ನಿವಾರಣೆ: ಪೋಷಕರಿಗೆ ಮಾಹಿತಿ

ಪೀಠಿಕೆ

ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-19 ರೋಗವನ್ನು 2020ರ ಮಾರ್ಚ್ 11ರಂದು ಜಾಗತಿಕ ಸಾಂಕ್ರಾಮಿಕವೆಂದು ಘೋಷಿಸಿತು. ಈ ರೋಗದ ಕುರಿತಾದ ಅಂತರರಾಷ್ಟ್ರೀಯ ಆರೋಗ್ಯ ತುರ್ತುಸ್ಥಿತಿಯು 2023ರ ಮೇ 5ರಂದು ಕೊನೆಗೊಂಡಿತು. ಕರ್ನಾಟಕದಲ್ಲಿ 2020ರ ಮಾರ್ಚ್ ತಿಂಗಳಲ್ಲಿ ಮುಚ್ಚಲಾದ 1ರಿಂದ 5ನೇ ತರಗತಿಗಳು ಪುನರಾರಂಭಗೊಂಡದ್ದು 2021ರ ಅಕ್ಟೋಬರ್ 25ರಂದು. ರೋಗ ತಗುಲದ ಮಕ್ಕಳೂ ಸಹ ಈ ಅವಧಿಯಲ್ಲಿ ಒಡನಾಡಿಗಳಿಂದ ದೂರವಾಗಿ, ಮನೆಯ ಹಿರಿಯರ ಭಯವನ್ನು ಪ್ರತಿದಿನ ಕಂಡು ಆತಂಕಕ್ಕೆ ಒಳಗಾದರು. ಯಾವುದೇ ಸಾಂಕ್ರಾಮಿಕ ರೋಗದ ಸಂದರ್ಭದಲ್ಲಿ ಪೋಷಕರು ಅನುಸರಿಸಬಹುದಾದ ಕ್ರಮಗಳನ್ನು ಹಾಗೂ ಲಭ್ಯವಿರುವ ಸೇವೆಗಳ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

ಆತಂಕದ ಲಕ್ಷಣಗಳು

ಮಕ್ಕಳು ತಮ್ಮ ಭಯವನ್ನು ಮಾತಿನಲ್ಲಿ ಹೇಳುವುದು ಕಡಿಮೆ. ಅದು ಅವರ ನಡವಳಿಕೆಯಲ್ಲಿ ಹಾಗೂ ದೇಹದಲ್ಲಿ ಕಾಣಿಸಿಕೊಳ್ಳುತ್ತದೆ.

1. ಆರು ವರ್ಷದೊಳಗಿನವರು: ತಾಯಿಯನ್ನು ಬಿಟ್ಟಿರದಿರುವುದು, ಬಿಟ್ಟುಹೋಗಿದ್ದ ಹಾಸಿಗೆಯಲ್ಲಿ ಮೂತ್ರ ಮಾಡುವ ಅಭ್ಯಾಸ ಮರುಕಳಿಸುವುದು, ರಾತ್ರಿ ಬೆಚ್ಚಿ ಏಳುವುದು.
2. ಆರರಿಂದ ಹನ್ನೆರಡು ವರ್ಷದವರು: ಕಾರಣ ಕಾಣದ ಹೊಟ್ಟೆನೋವು, ತಲೆನೋವು, ಓದಿನಲ್ಲಿ ಗಮನ ನಿಲ್ಲದಿರುವುದು, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ಪದೇ ಪದೇ ಕೈ ತೊಳೆಯುವುದು.
3. ಹದಿಹರೆಯದವರು: ಒಂಟಿಯಾಗಿ ಇರಬಯಸುವುದು, ಸಿಡುಕು, ನಿದ್ರಾಹೀನತೆ, ರಾತ್ರಿಯೆಲ್ಲಾ ಮೊಬೈಲ್ ನೋಡುವುದು.

ಇವುಗಳನ್ನು ಹಠವೆಂದು ಅಥವಾ ಸೋಮಾರಿತನವೆಂದು ಭಾವಿಸಿ ಶಿಕ್ಷಿಸಬಾರದು. ಆದರೆ ಜ್ವರ, ಉಸಿರಾಟದ ತೊಂದರೆ, ಬಿಡದ ನೋವು ಇದ್ದಲ್ಲಿ ಅದು ಆತಂಕವೆಂದು ಸುಮ್ಮನಿರದೆ ಮೊದಲು ವೈದ್ಯರಿಗೆ ತೋರಿಸತಕ್ಕದ್ದು.

ಮಕ್ಕಳಿಗೆ ಸತ್ಯವನ್ನು ತಿಳಿಸುವುದು

ಮಕ್ಕಳು ಹೆದರುವರೆಂದು ವಿಷಯವನ್ನು ಮುಚ್ಚಿಡುವುದು ಸಾಮಾನ್ಯ. ಆದರೆ ಹಿರಿಯರ ಪಿಸುಮಾತು, ಅಳು ಮತ್ತು ದೂರವಾಣಿ ಸಂಭಾಷಣೆಗಳು ಮಕ್ಕಳ ಕಿವಿಗೆ ಬೀಳುತ್ತಲೇ ಇರುತ್ತವೆ. ಉಳಿದದ್ದನ್ನು ಅವರು ತಾವೇ ಊಹಿಸಿಕೊಳ್ಳುತ್ತಾರೆ. ಆ ಊಹೆಯು ಅನೇಕ ಬಾರಿ ವಾಸ್ತವಕ್ಕಿಂತ ಭಯಾನಕವಾಗಿರುತ್ತದೆ. ಆದ್ದರಿಂದ ವಯಸ್ಸಿಗೆ ತಕ್ಕ ಸರಳ ಮಾತಿನಲ್ಲಿ ನಿಜವನ್ನೇ ಹೇಳುವುದು ಸೂಕ್ತ.

ತಾಯಿಯು ಆಸ್ಪತ್ರೆಗೆ ದಾಖಲಾದಾಗ "ಅಮ್ಮ ಊರಿಗೆ ಹೋಗಿದ್ದಾಳೆ" ಎನ್ನುವ ಬದಲು, "ಅಮ್ಮನಿಗೆ ಜ್ವರ ಬಂದಿದೆ, ಡಾಕ್ಟರು ನೋಡಿಕೊಳ್ಳುತ್ತಿದ್ದಾರೆ, ನಿನ್ನನ್ನು ಅಜ್ಜಿ ನೋಡಿಕೊಳ್ಳುತ್ತಾರೆ" ಎಂದು ಹೇಳಬಹುದು. "ನಾಳೆಯೇ ಬರುತ್ತಾಳೆ" ಎಂಬಂತಹ, ಈಡೇರಿಸಲಾಗದ ಭರವಸೆಯನ್ನು ನೀಡಬಾರದು. ಉತ್ತರ ತಿಳಿಯದಿದ್ದಲ್ಲಿ "ನನಗೂ ಗೊತ್ತಿಲ್ಲ, ತಿಳಿದ ಕೂಡಲೇ ನಿನಗೆ ಹೇಳುತ್ತೇನೆ" ಎನ್ನುವುದರಿಂದ ಮಗುವಿನ ನಂಬಿಕೆ ಉಳಿಯುತ್ತದೆ.

ತಾನು ಹೊರಗೆ ಆಟಕ್ಕೆ ಹೋದದ್ದರಿಂದಲೇ ಅಜ್ಜನಿಗೆ ರೋಗ ಬಂದಿತೆಂದು ಕೆಲವು ಮಕ್ಕಳು ಒಳಗೊಳಗೇ ಕೊರಗುತ್ತಾರೆ. ರೋಗ ತಗುಲುವುದು ಯಾರ ತಪ್ಪೂ ಅಲ್ಲವೆಂಬುದನ್ನು, ಮಗು ಕೇಳದಿದ್ದರೂ, ಸ್ಪಷ್ಟವಾಗಿ ತಿಳಿಸತಕ್ಕದ್ದು. ರೋಗಪೀಡಿತರ ಮನೆಯ ಮಕ್ಕಳನ್ನು ನೆರೆಹೊರೆಯವರು ದೂರವಿಡುವುದು ಅಥವಾ ಹೀಯಾಳಿಸುವುದು ಸಲ್ಲದು.

ಕುಟುಂಬದಲ್ಲಿ ಸಾವು ಸಂಭವಿಸಿದಾಗ

"ಮಲಗಿದ್ದಾರೆ", "ದೂರ ಹೋಗಿದ್ದಾರೆ" ಎಂದು ಹೇಳಿದಲ್ಲಿ ಚಿಕ್ಕ ಮಕ್ಕಳು ನಿದ್ರೆಗೇ ಹೆದರಬಹುದು ಅಥವಾ ಹಿಂದಿರುಗುವಿಕೆಗಾಗಿ ಕಾಯುತ್ತಿರಬಹುದು. ಮಗುವಿಗೆ ಹತ್ತಿರದವರೊಬ್ಬರು ಪಕ್ಕದಲ್ಲಿ ಕುಳಿತು, ಅವರು ತೀರಿಕೊಂಡರೆಂದೂ ಮತ್ತೆ ಬರುವುದಿಲ್ಲವೆಂದೂ ತಿಳಿಸುವುದು ಸೂಕ್ತ. ಅತ್ತರೆ ತಡೆಯಬಾರದು, ಅಳದೆ ಆಟಕ್ಕೆ ಹೋದರೆ ಆಕ್ಷೇಪಿಸಲೂಬಾರದು.

ಕೋವಿಡ್ ಅವಧಿಯಲ್ಲಿ ನಿರ್ಬಂಧಗಳ ಕಾರಣ ಅನೇಕ ಕುಟುಂಬಗಳಿಗೆ ಅಂತಿಮ ದರ್ಶನ ಸಾಧ್ಯವಾಗಲಿಲ್ಲ. ಇಂತಹ ಸಂದರ್ಭದಲ್ಲಿ ಭಾವಚಿತ್ರದ ಮುಂದೆ ದೀಪ ಹಚ್ಚುವುದು, ಅವರಿಗೆ ಇಷ್ಟವಾಗಿದ್ದ ಅಡುಗೆ ಮಾಡುವುದು ಮುಂತಾಗಿ ತಮ್ಮ ಸಂಪ್ರದಾಯದಂತೆ ನಡೆಸುವ ಸ್ಮರಣೆಯಲ್ಲಿ ಮಕ್ಕಳನ್ನೂ ಸೇರಿಸಿಕೊಳ್ಳಬಹುದು.

ಪೋಷಕರನ್ನು ಕಳೆದುಕೊಂಡು ನೋಡಿಕೊಳ್ಳುವವರಿಲ್ಲದ ಮಗುವಿನ ಬಗ್ಗೆ 1098ಕ್ಕೆ ಅಥವಾ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸತಕ್ಕದ್ದು. ಕಾನೂನಿನ ಕ್ರಮವಿಲ್ಲದೆ ಇಂತಹ ಮಗುವನ್ನು ದತ್ತು ನೀಡುವುದು ಅಥವಾ ಪಡೆಯುವುದು ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ ಅನ್ವಯ ಅಪರಾಧವಾಗಿರುತ್ತದೆ.

ಮನೆಯಲ್ಲಿ ಅನುಸರಿಸಬಹುದಾದ ಕ್ರಮಗಳು

1. ಏಳುವ, ಉಣ್ಣುವ, ಓದುವ, ಆಡುವ ಹಾಗೂ ಮಲಗುವ ವೇಳೆಯನ್ನು ಆದಷ್ಟು ಬದಲಿಸದಿರುವುದು.
2. ಟಿವಿ ಸುದ್ದಿಯನ್ನು ದಿನಕ್ಕೆ ಒಂದೆರಡು ಬಾರಿ ಮಾತ್ರ ನೋಡುವುದು. ಸಾವಿನ ದೃಶ್ಯಗಳನ್ನು ಮಕ್ಕಳೆದುರು ನೋಡದಿರುವುದು. ಖಚಿತವಲ್ಲದ ಸಂದೇಶಗಳನ್ನು ಇತರರಿಗೆ ಕಳುಹಿಸದಿರುವುದು.
3. ಗಿಡಕ್ಕೆ ನೀರು ಹಾಕುವುದು, ತಟ್ಟೆ ಇಡುವುದು ಮುಂತಾದ ಸಣ್ಣ ಕೆಲಸಗಳನ್ನು ಮಕ್ಕಳಿಗೆ ವಹಿಸುವುದು.
4. ಪ್ರತ್ಯೇಕವಾಗಿರುವ ಬಂಧುಗಳೊಂದಿಗೆ ದೂರವಾಣಿಯಲ್ಲಿ ಮಾತನಾಡಿಸುವುದು.
5. ಕೆಲಸ ಅಥವಾ ಆದಾಯ ನಿಂತಿದ್ದಲ್ಲಿ, ಖರ್ಚು ಕಡಿಮೆ ಮಾಡಬೇಕಾಗಿದೆ ಎಂಬುದನ್ನು ಶಾಂತವಾಗಿ ತಿಳಿಸುವುದು. ಸಾಲದ ಕುರಿತಾದ ಜಗಳ ಮಕ್ಕಳೆದುರು ಬೇಡ.
6. ಪೋಷಕರು ತಮ್ಮ ಭಯವನ್ನು ಪತಿ, ಪತ್ನಿ, ಸ್ನೇಹಿತರು ಅಥವಾ ಆಪ್ತಸಮಾಲೋಚಕರಲ್ಲಿ ಹೇಳಿಕೊಳ್ಳುವುದು. ಮದ್ಯಪಾನವು ಆತಂಕಕ್ಕೆ ಪರಿಹಾರವಲ್ಲ.

ತಜ್ಞರ ನೆರವು ಯಾವಾಗ ಅಗತ್ಯ

ಮೇಲ್ಕಂಡ ಲಕ್ಷಣಗಳು ಎರಡು ವಾರ ಕಳೆದರೂ ಕಡಿಮೆಯಾಗದಿದ್ದಲ್ಲಿ, ಅಥವಾ ಊಟ, ನಿದ್ರೆ, ಶಾಲೆಗೆ ಅಡ್ಡಿಯಾಗುತ್ತಿದ್ದಲ್ಲಿ, ನೆರವು ಪಡೆಯತಕ್ಕದ್ದು. "ಬದುಕುವುದು ಬೇಡ" ಎಂಬ ಅರ್ಥದ ಮಾತನ್ನು ಮಗು ಆಡಿದಲ್ಲಿ ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರನ್ನು ಕಾಣತಕ್ಕದ್ದು. ವೈದ್ಯರ ಸಲಹೆಯಿಲ್ಲದೆ ನಿದ್ರೆಯ ಔಷಧಿ ನೀಡಬಾರದು.

ಲಭ್ಯವಿರುವ ಸೇವೆಗಳು

1. ಟೆಲಿ-ಮಾನಸ್, ದೂರವಾಣಿ 14416: 2022ರ ಅಕ್ಟೋಬರ್ 10ರಂದು ಆರಂಭವಾದ, ದಿನದ 24 ಗಂಟೆಯೂ ದೊರೆಯುವ ಉಚಿತ ಮಾನಸಿಕ ಆರೋಗ್ಯ ಸೇವೆ. ಕನ್ನಡದಲ್ಲಿ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆಯಾಗಿದೆ.
2. ಮಕ್ಕಳ ಸಹಾಯವಾಣಿ, ದೂರವಾಣಿ 1098: ಸಂಕಷ್ಟದಲ್ಲಿರುವ ಮಗು ತಾನೇ ಕರೆ ಮಾಡಬಹುದು, ಇತರರೂ ಮಾಡಬಹುದು.
3. ತುರ್ತು ಸಂದರ್ಭ: ದೂರವಾಣಿ 112.
4. ಜಿಲ್ಲಾ ಆಸ್ಪತ್ರೆ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ತಪಾಸಣೆ ಹಾಗೂ ಆಪ್ತಸಮಾಲೋಚನೆ. ಗ್ರಾಮಗಳಲ್ಲಿ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯನ್ನು ವಿಚಾರಿಸಬಹುದು.

ಮೇಲ್ಕಂಡ ದೂರವಾಣಿ ಸೇವೆಗಳಿಗೆ ಅರ್ಜಿಯಾಗಲಿ, ದಾಖಲೆಯಾಗಲಿ, ಶುಲ್ಕವಾಗಲಿ ಇರುವುದಿಲ್ಲ. ಕರೆ ಮಾಡಲು ಸಮಸ್ಯೆ ಗಂಭೀರವಾಗುವವರೆಗೆ ಕಾಯಬೇಕಾಗಿಲ್ಲ.