ಹುಡುಗರಿಗೆ ಯುದ್ಧದ ಕಥೆ ಹೇಳಿದ ಹೆಂಟಿ

ಜಾರ್ಜ್ ಆಲ್ಫ್ರೆಡ್ ಹೆಂಟಿ ಹುಟ್ಟಿದ್ದು 1832ರ ಡಿಸೆಂಬರ್ 8ರಂದು, ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಟ್ರಂಪಿಂಗ್ಟನ್‌ನಲ್ಲಿ. ಬಾಲ್ಯವೆಲ್ಲ ಕಾಯಿಲೆ. ಬಹುಕಾಲ ಹಾಸಿಗೆ ಹಿಡಿದಿದ್ದ ಹುಡುಗನಿಗೆ ಪುಸ್ತಕಗಳೇ ಒಡನಾಡಿ. ಮುಂದೆ ಶಾಲೆಯಲ್ಲಿ ಮತ್ತು ಕೇಂಬ್ರಿಜ್‌ನಲ್ಲಿ ಮುಷ್ಟಿಯುದ್ಧ, ಕುಸ್ತಿ, ದೋಣಿ ನಡೆಸುವುದರಲ್ಲಿ ಮೈ ಬಲಿಸಿಕೊಂಡು, ಪದವಿ ಮುಗಿಸುವ ಮೊದಲೇ ರಷ್ಯದ ವಿರುದ್ಧದ ಕ್ರಿಮಿಯಾ ಯುದ್ಧಕ್ಕೆ ಹೊರಟ. ಅಲ್ಲಿ ಅವನ ಪಾಲಿಗೆ ಬಂದದ್ದು ಕತ್ತಿಯಲ್ಲ, ಸೈನಿಕರ ಆಸ್ಪತ್ರೆಗಳಿಗೆ ಸಾಮಾನು ಒದಗಿಸುವ ಕೆಲಸ. ಸೋದರ ಫ್ರೆಡರಿಕ್ ಆ ಯುದ್ಧದ ಕಾಲದಲ್ಲೇ ಕಾಲರಾಕ್ಕೆ ಬಲಿಯಾದ. ರೋಗಿಗಳ ದುಸ್ಥಿತಿ ಕುರಿತು ಹೆಂಟಿ ಮನೆಗೆ ಬರೆದ ಕಾಗದಗಳನ್ನು ತಂದೆ 'ಮಾರ್ನಿಂಗ್ ಅಡ್ವರ್ಟೈಸರ್' ಪತ್ರಿಕೆಗೆ ಕೊಟ್ಟರು. ಅವು ಅಚ್ಚಾದವು. ಅವನ ಬರವಣಿಗೆಯ ಬದುಕು ಶುರುವಾದದ್ದು ಹೀಗೆ.

ಮುಂದೆ 'ಸ್ಟ್ಯಾಂಡರ್ಡ್' ಪತ್ರಿಕೆಯ ಯುದ್ಧ ವರದಿಗಾರನಾಗಿ 1866ರಲ್ಲಿ ಇಟಲಿಯಲ್ಲಿ ಅಲ್ಲಿನ ಸೇನಾನಿ ಗ್ಯಾರಿಬಾಲ್ಡಿಯ ದಂಡಿನೊಂದಿಗೆ ಸುತ್ತಿದ. ಅಬಿಸೀನಿಯಾ, ಫ್ರಾನ್ಸ್, ಪಶ್ಚಿಮ ಆಫ್ರಿಕದ ಅಶಾಂಟಿ ನಾಡು, ಸ್ಪೇನ್, ಸರ್ಬಿಯಾಗಳಿಂದಲೂ ವರದಿ ಕಳಿಸಿದ. 1875-76ರಲ್ಲಿ ಇಂಗ್ಲೆಂಡಿನ ಯುವರಾಜನ ಜೊತೆ ಭಾರತಕ್ಕೂ ಬಂದ.

ಹೆಂಡತಿ ಎಲಿಜಬೆತ್ 1865ರಲ್ಲೇ ತೀರಿಕೊಂಡಿದ್ದಳು. ನಾಲ್ಕು ಮಕ್ಕಳು ತಾಯಿಯಿಲ್ಲದವರಾದರು. ರಾತ್ರಿ ಊಟವಾದ ಮೇಲೆ ಹೆಂಟಿ ಅವರಿಗೆ ಕಥೆ ಹೇಳುವುದು ರೂಢಿಯಾಯಿತು. ಅವುಗಳಲ್ಲೊಂದು 'ಔಟ್ ಆನ್ ದ ಪಂಪಾಸ್' ಎಂಬ ಮೊದಲ ಮಕ್ಕಳ ಪುಸ್ತಕವಾಯಿತು. ಅದರ ಪಾತ್ರಗಳಿಗೆ ಅವನ ಮಕ್ಕಳದೇ ಹೆಸರು.

ಆರೋಗ್ಯ ಕೆಟ್ಟು ಓಡಾಟ ನಿಂತ ಮೇಲೆ ಪುಸ್ತಕ ಬರೆಯುವುದೇ ಕಸುಬಾಯಿತು. ಕಥೆ ನಡೆಯುವ ಕಾಲಕ್ಕೆ ಸಂಬಂಧಿಸಿದ ಪುಸ್ತಕಗಳನ್ನು ಗ್ರಂಥಾಲಯದಿಂದ ತರಿಸಿ, ಓದಿ ಮುಗಿಸಿದ ಬಳಿಕವೇ ಆರಂಭ. ಅವನು ಲೇಖನಿ ಹಿಡಿಯುತ್ತಿರಲಿಲ್ಲ. ಬಾಯಲ್ಲಿ ಪೈಪು, ಮುಖದ ತುಂಬ ಗಡ್ಡ, ಸುತ್ತ ಗೋಡೆಗಳ ಮೇಲೆ ದಂಡಯಾತ್ರೆಗಳಿಂದ ತಂದ ಆಯುಧಗಳು. ಅವನು ಹೇಳುತ್ತ ಹೋದಂತೆ ಕಾರ್ಯದರ್ಶಿ ಬರೆದುಕೊಳ್ಳುತ್ತಿದ್ದ. ವರ್ಷಕ್ಕೆ ಮೂರು ನಾಲ್ಕು ಪುಸ್ತಕ ಹೊರಬಂದದ್ದು ಈ ಪದ್ಧತಿಯಿಂದಲೇ. ಬ್ಲ್ಯಾಕಿ ಪ್ರಕಾಶನದವರು ಅವನ್ನು ಚಿನ್ನದ ಅಚ್ಚಿನ ಹೊದಿಕೆ, ಯುದ್ಧದ ನಕ್ಷೆಗಳೊಡನೆ ಕ್ರಿಸ್ಮಸ್‌ಗೆ ಮುಂಚೆ ಅಂಗಡಿಗೆ ತರುತ್ತಿದ್ದರು. ಶಾಲೆಗಳು ಬಹುಮಾನವಾಗಿ ಕೊಡುತ್ತಿದ್ದವು. ಮುನ್ನುಡಿಯಲ್ಲಿ ಲೇಖಕ ನೇರವಾಗಿ ಹುಡುಗರನ್ನೇ ಕರೆದು, ಕಥೆಯಲ್ಲಿನ ಯುದ್ಧ ಯಾಕೆ ನಡೆಯಿತು ಎಂದು ತಿಳಿಸುತ್ತಿದ್ದ.

ಕನ್ನಡ ನಾಡಿಗೆ ನೇರವಾಗಿ ಸಂಬಂಧಿಸಿದ್ದು 1896ರ ಇಸವಿ ಹೊತ್ತ 'ದ ಟೈಗರ್ ಆಫ್ ಮೈಸೂರ್'. ಹಡಗು ಒಡೆದು ಮೈಸೂರಿನವರ ಸೆರೆಯಲ್ಲಿ ಸಿಕ್ಕಿರುವ ತಂದೆಯನ್ನು ಹುಡುಕಿ ಡಿಕ್ ಹಾಲೆಂಡ್ ಎಂಬ ಹುಡುಗ ಬರುತ್ತಾನೆ. ತಾಯಿಯ ಕಡೆಯಿಂದ ಅವನಲ್ಲಿ ಭಾರತೀಯ ರಾಜಮನೆತನದ ರಕ್ತವಿದೆ. ಸೋದರಮಾವನೇ ಒಬ್ಬ ರಾಜ. ವೇಷ ಮರೆಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿ ಡಿಕ್ ಟಿಪ್ಪುವಿನ ಅರಮನೆಯಲ್ಲೇ ಅಧಿಕಾರಿಯಾಗುತ್ತಾನೆ. ಹಿನ್ನೆಲೆಯಲ್ಲಿ ನಡೆಯುವುದು 1790-92ರ ಮೂರನೇ ಮೈಸೂರು ಯುದ್ಧ, ಅಂದರೆ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1791ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೋಟೆ ಹಿಡಿದ, ಮರುವರ್ಷ ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಳುಗಳಾದ ಯುದ್ಧ. ಅವಸರವಿಲ್ಲದೆ ಓದಿಸಿಕೊಳ್ಳುವ ಕಥೆ. ಆದರೆ ಟಿಪ್ಪು ಇಲ್ಲಿ ಬರೀ ಕ್ರೂರಿ. 1780ರಲ್ಲಿ ಪೊಲ್ಲಿಲೂರಿನಲ್ಲಿ ಬ್ರಿಟಿಷರು ಮೈಸೂರಿನವರೆದುರು ಸೋತಾಗ ಸೆರೆಸಿಕ್ಕವರ ಅನುಭವ ಕಥನಗಳು ಇಂಗ್ಲೆಂಡಿನಲ್ಲಿ ಆ ಚಿತ್ರವನ್ನು ಶತಮಾನದ ಹಿಂದೆಯೇ ಬೇರೂರಿಸಿದ್ದವು. ಹೆಂಟಿ ಅದನ್ನು ಪ್ರಶ್ನಿಸದೆ ಒಪ್ಪಿಕೊಂಡ. ಕ್ರಿಮಿಯಾದ ಆಸ್ಪತ್ರೆಗಳಲ್ಲಿ ತನ್ನವರ ತಪ್ಪನ್ನು ಕಂಡಂತೆ ಬರೆದವನು, ಗೆದ್ದವರ ಇತಿಹಾಸದ ಮುಂದೆ ಮಾತ್ರ ಆ ಕಣ್ಣನ್ನು ಬಳಸಲಿಲ್ಲ ಎಂಬುದು ಅವನ ಬರಹದ ದೊಡ್ಡ ಕೊರತೆ.

ಹೆಂಟಿ 1902ರ ನವೆಂಬರ್ 16ರಂದು ವೇಮತ್ ಬಂದರಿನಲ್ಲಿ ತನ್ನದೇ ವಿಹಾರ ನೌಕೆಯಲ್ಲಿ ತೀರಿಕೊಂಡ. ಅರ್ಧಕ್ಕೆ ನಿಂತಿದ್ದ 'ಬೈ ಕಾಂಡಕ್ಟ್ ಅಂಡ್ ಕರೇಜ್' ಕಾದಂಬರಿಯನ್ನು ಮಗ ಮುಗಿಸಿದ. ನೂರಕ್ಕೂ ಮಿಕ್ಕ ಅವನ ಪುಸ್ತಕಗಳಲ್ಲಿ ಹಲವು ಇಂದಿಗೂ ಮರುಮುದ್ರಣವಾಗುತ್ತಿವೆ. ಅಮೆರಿಕದಲ್ಲಿ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಕುಟುಂಬಗಳು ಅವನ್ನು ಇತಿಹಾಸದ ಓದಿಗೆ ಬಳಸುತ್ತವೆ.