ಪಟ್ಟಿ ಕಟ್ಟಿದವರು

ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಮಾಡುವವಳಿಗಾಗಲಿ, ಕುರುಗೋಡಿನಲ್ಲಿ ಕಲ್ಲು ಒಡೆಯುವವನಿಗಾಗಲಿ ಕಣ್ಣಿಗೆ ಪೊರೆ ಬಂದಿತೆಂದರೆ ಕೂಲಿಯೂ ಹೋಯಿತೆಂದೇ ಅರ್ಥ. ಅಂಥವರು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಬರಲಾರದಿದ್ದರೆ ವೈದ್ಯನೇ ಅವರಲ್ಲಿಗೆ ಹೋಗಬೇಕು. ಇದನ್ನು ಮಾಡಿ ತೋರಿಸಿದವರು 1916ರಲ್ಲಿ ಬೀಳಗಿಯಲ್ಲಿ ಜನಿಸಿದ ಡಾಕ್ಟರ್ ಎಂ. ಸಿ. ಮೋದಿಯವರು. 1943ರಿಂದ ಅವರು ಊರೂರು ಸುತ್ತಿ ಉಚಿತ ನೇತ್ರ ಶಿಬಿರಗಳನ್ನು ನಡೆಸಿದರು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆ. 1993ರ ಫೆಬ್ರವರಿಯವರೆಗೆ ಒಟ್ಟು 6,10,564. ಇದು ಗಿನ್ನೆಸ್ ದಾಖಲೆ ಪುಸ್ತಕದ ಲೆಕ್ಕ.

ನಾನು ಕನ್ನಡದ ಮೇಷ್ಟ್ರು. ಗಣಿತ ನನ್ನ ವಿಷಯವಲ್ಲ. ಆದರೂ ಭಾಗಿಸಿ ನೋಡಿದೆ. ಇಪ್ಪತ್ತನಾಲ್ಕು ಗಂಟೆ ಎಡೆಬಿಡದೆ ದುಡಿದರೂ ಒಂದು ಶಸ್ತ್ರಚಿಕಿತ್ಸೆಗೆ ಎರಡು ನಿಮಿಷ ಸಿಗದು. ರೋಗಿಯನ್ನು ಕೈಹಿಡಿದು ತರುವವರು, ಕಣ್ಣು ತೊಳೆಯುವವರು, ಸಲಕರಣೆ ಕುದಿಸುವವರು, ಪಟ್ಟಿ ಕಟ್ಟುವವರು ಇಲ್ಲದೆ ಆ ಲೆಕ್ಕ ಕೂಡಿಬರದು. ಇಷ್ಟು ಜನರೂ ಅದನ್ನು ತಮ್ಮದೇ ಕೆಲಸವೆಂದು ಮಾಡುವಂತೆ ಹುರುಪು ತುಂಬುವುದೇ ಮುಂದಾಳಿನ ಹಿರಿಮೆಯೆಂದು ನನ್ನ ತಿಳಿವಳಿಕೆ.

ಮೋದಿಯವರು 2005ರಲ್ಲಿ ತೀರಿಕೊಂಡರು. ಅವರ ಹೆಸರು ಉಳಿದಿದೆ, ಉಳಿಯಲೂ ಬೇಕು. ಇನ್ನು ಮುಂದೆ ನಮ್ಮ ಸೀಮೆಯಲ್ಲಿ ಇಂಥ ಶಿಬಿರ ನಡೆದಾಗ, ಪಟ್ಟಿ ಕಟ್ಟಿದವರ ಹೆಸರನ್ನೂ ಬರೆದಿಡೋಣ. ಇತಿಹಾಸಕ್ಕೆ ಅವರೂ ಬೇಕು.